ಹೊಸ್ತಿಲಾಚೆಯ ಶಿಷ್ಯ

ಬೈಲಹೊಂಗಲದ ಆ ಸಣ್ಣ ಚರ್ಚಿನಲ್ಲಿ ಒಂದು ಪದ್ಧತಿಯಿತ್ತು. ಶುಭ ಶುಕ್ರವಾರದಂದು ಸ್ವಾಮಿಯ ಶಿಲುಬೆಯ ಶ್ರಮೆಯ ಕಥೆಯನ್ನು ಪುಸ್ತಕ ಮುಟ್ಟದೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಬಾಯಿಪಾಠ ಹೇಳುತ್ತಿದ್ದರು. ಹೆದರಿಕೆಯಿಂದ ತನ್ನ ಗುರುವನ್ನೇ ಯಾರೋ ಗೊತ್ತಿಲ್ಲವೆಂದ ಶಿಷ್ಯನ ಪಾತ್ರದವನು, ಮಾತು ಮುಗಿದ ಕೂಡಲೇ ಹೊಸ್ತಿಲು ದಾಟಿ ಹೋಗಬೇಕು. ಈಸ್ಟರ್ ಬೆಳಗ್ಗೆ ಪಾದ್ರಿ ಅಯ್ಯನವರು ಕರೆದ ಮೇಲೆಯೇ ಒಳಗೆ ಬರಬೇಕು. ಕಟಕೋಳದಿಂದ ಬಸ್ಸಿನಲ್ಲಿ ಬರುತ್ತಿದ್ದ ಟೇಲರ್ ಸುಭಾಸ ವರ್ಷಾನುಗಟ್ಟಲೆ ಆ ಪಾತ್ರ ಹೇಳಿದ್ದ. ಎಷ್ಟು ಚೆಂದ ಹೇಳುತ್ತಿದ್ದನೆಂದರೆ, ಒಳಗೆ ಮುದುಕಿಯರು ಅಳುತ್ತಿದ್ದರು. ಹೊರಗೆ ಅವನು ಚಹಾ ಕುಡಿಯುತ್ತಿದ್ದ.

೧೯೯೮ರಲ್ಲಿ ಅವನು ಬೈಲಹೊಂಗಲದಲ್ಲೇ ಅಂಗಡಿ ಹಾಕಿ, ಲಿಂಗಾಯತರ ಮುದುಕಿ ಸಿದ್ದಲಿಂಗವ್ವನ ಮನೆಯಲ್ಲಿ ಬಾಡಿಗೆಗೆ ಕೋಣೆ ಕೇಳಿದ.

"ಯಾವ ಪೈಕಿ ತಮ್ಮಾ?" ಎಂದಳಾಕೆ.

"ನಿಮ್ಮ ಪೈಕೀನರಿ ಅವ್ವಾರ" ಎಂದುಬಿಟ್ಟ.

ಕೋಣೆ ಸಿಕ್ಕಿತು. ಹೆಂಡತಿ ಎಸ್ತೇರ ಆ ಕ್ಷಣದಿಂದ ಅನ್ನಪೂರ್ಣಾ ಆದಳು. ಸುಭಾಸ ಹಣೆಗೆ ವಿಭೂತಿ ಹಚ್ಚಿದ. ಚರ್ಚಿನ ಓಣಿ ತಪ್ಪಿಸಿ, ಊರೆಲ್ಲ ಸುತ್ತಿ ಅಂಗಡಿಗೆ ಹೋಗತೊಡಗಿದ. ಭಾನುವಾರಗಳು ಹಾಗೇ ಕಳೆದವು.

ಮರುವರ್ಷ ಶುಭ ಶುಕ್ರವಾರದ ಹಿಂದಿನ ವಾರ ರತ್ನಾಕರ ಅಯ್ಯನವರು ತಮ್ಮ ನಿಲುವಂಗಿ ಹಿಡಿದುಕೊಂಡು ಅಂಗಡಿಗೆ ಬಂದರು.

"ಅಂಚು ಬಿಚ್ಚೇತಿ, ಹೊಲದ ಕೊಡು. ಶುಕ್ರವಾರ ನಿನ್ನ ಪಾತ್ರ ಐತಿ, ನೆನಪೈತಿಲ್ಲೊ?"

ಸುಭಾಸನ ಕಾಲು ಮಶೀನಿನ ಮೇಲೆ ನಿಂತಿತು. "ಬ್ಯಾರೇದವ್ರಿಗೆ ಕೊಡ್ರಿ ಅಯ್ಯನವರ. ನನಗ ಆ ಯೋಗ್ಯತಾ ಇಲ್ಲ."

"ಯಾಕೊ? ಇಷ್ಟ ವರ್ಸ ಬರೇ ಬಾಯಿಪಾಠ ಹೇಳಿದಿ. ಈ ಸಲ ಛಲೋ ತಾಲೀಮ ಆಗೇತಂತಲ್ಲ."

ಎಸ್ತೇರ ಎಲ್ಲವನ್ನೂ ಹೇಳಿಬಿಟ್ಟಿದ್ದಾಳೆಂದು ಅವನಿಗೆ ತಿಳಿಯಿತು. ತಲೆ ತಗ್ಗಿಸಿದ. "ನನ್ನಂಥಾವನ್ನ ಸ್ವಾಮಿ ತಿರಗಿ ಒಳಗ ಕರೀತಾನೇನ್ರಿ?"

"ಸ್ವಾಮಿ ಸತ್ತು ಎದ್ದು ಬಂದ ಮ್ಯಾಲ ಆ ಶಿಷ್ಯಗ ಏನ ಮಾಡಿದ? ಮುಂಜಾನೆದ್ದು ನೀರಿನ ದಂಡ್ಯಾಗ ಬೆಂಕಿ ಹಾಕಿ, ಮೀನಾ ಸುಟ್ಟು, ಉಣ್ಣಾಕ ಕರದ. ಬೈಯಾಕ ಪುರಸೊತ್ತ ಎಲ್ಲಿತ್ತೊ ಅವಗ? ಆದ್ರ ಖರೇ ಹೇಳೂದೊಂದ ನಿನ್ನ ಕಡೆ ಉಳದೈತಿ. ಅದೂ ನನ್ನ ಮುಂದ ಅಲ್ಲ."

ಸಂಜೆ ಸಿದ್ದಲಿಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಸುಭಾಸ ಹಣೆ ತೊಳೆದುಕೊಂಡು ಬಂದು ಎದುರಿಗೆ ನಿಂತ.

"ಅವ್ವಾರ, ನಾವು ನಿಮ್ಮ ಪೈಕಿ ಅಲ್ರಿ. ಕ್ರಿಶ್ಚನ್ನರ ಅದೀವಿ. ನಾಳೆನ ಕೋಣಿ ಬಿಡತೇವ್ರಿ."

ಆಕೆ ಮೊರದಿಂದ ಕೈ ಎತ್ತಲಿಲ್ಲ. "ಬಂದ ವಾರದಾಗ ಗೊತ್ತಾಗೇತಿ ಬಿಡು. ಅನ್ನಪೂರ್ಣಾ, ಅನ್ನಪೂರ್ಣಾ ಅಂತ ಕರದ ನನ್ನ ಗಂಟ್ಲಾ ಹರೀತು, ನಿನ್ನ ಹೇಣ್ತಿ ತಿರಗಿ ನೋಡ್ಲಿಲ್ಲ. ಪಾಪ, ಕಿವುಡಿ ಇರಬೇಕು ಅಂದ್ಕೊಂಡ್ನಿ. ಆಮ್ಯಾಲ ನಿನ್ನ ಇಬತ್ತಿ ನೋಡಿದ್ನಿ. ಗ್ವಾಡಿಗೆ ಸುಣ್ಣಾ ಬಳದಂಗ ಬಳಕೊಂಡಿದ್ದಿ."

"ಮತ್ತ ಸುಮ್ನ ಯಾಕ ಇದ್ರಿ?"

"ನೀನ ಬಂದು ಹೇಳ್ತಿ ಅಂತ ಕಾದ್ನಿ. ಖರೇ ಹೇಳಿದ್ರ ಹೊರಗ ಹಾಕ್ತಾಳ ಮುದುಕಿ ಅಂತ ತಿಳದ್ಯಲ್ಲ, ಕೆಟ್ಟ ಅನಿಸ್ತು." ಆಕೆ ಒಂದು ಕಲ್ಲು ಆರಿಸಿ ಎಸೆದಳು. "ಹಾಕ್ತಿದ್ನೇನೊ, ಆವತ್ತ. ಈಗ ಆಕಿ ಕೈಯಾನ ಸಾರಿನ ರುಚಿ ಹತ್ತೇತಿ. ಕೋಣಿ ಬಿಡೂದು ಬ್ಯಾಡ. ಸಂಕ್ರಮಣಕ್ಕ ಕೊಟ್ಟ ನನ್ನ ಕುಬಸಾ ಹೊಲದ ಕೊಡು ಮೊದಲ."

ಶುಕ್ರವಾರ ಸುಭಾಸ ತನ್ನ ಪಾತ್ರಕ್ಕೆ ಎದ್ದು ನಿಂತ. ಗುರು ಯಾರೋ ಗೊತ್ತಿಲ್ಲವೆನ್ನುವ ಕಡೆಯ ಮಾತಿಗೆ ಬಂದು ಬಾಗಿಲ ಕಡೆ ನೋಡಿದ. ಜನ ಕಾದರು. ಕೊನೆಗೆ ಯಾರಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಹೇಳಿ ಹೊರಟುಹೋದ.

ಈಸ್ಟರ್ ಭಾನುವಾರ ಬೆಳಕು ಹರಿಯುವ ಮುಂಚೆಯೇ ಬಂದು ಬಾಗಿಲ ಹೊರಗೆ ನಿಂತ. ಪದ್ಧತಿಯಂತೆ ಶಿಷ್ಯನ ಹೆಸರು ಹಿಡಿದು ಕರೆಯಬೇಕಿದ್ದ ಅಯ್ಯನವರು, "ಸುಭಾಸಾ, ಒಳಗ ಬಾ" ಎಂದರು.

ಅವನು ಹೊಸ್ತಿಲಾಚೆಯೇ ನಿಂತು ಇಣುಕಿದ. ಒಳಗೆ ರೊಟ್ಟಿ ಹಂಚುವ ಪ್ರಭುಭೋಜನದ ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು.

"ಬಾರೋ ಮಾರಾಯಾ" ಎಂದರು ಅಯ್ಯನವರು. "ನೀ ಬರೂತನಕ ಇವರ್ಯಾರಿಗೂ ರೊಟ್ಟಿ ಸಿಗಂಗಿಲ್ಲ. ಹಸದಾರ."

ಹೆಂಗಸರ ಕಡೆಯಿಂದ ಎಸ್ತೇರ ನಕ್ಕಿದ್ದು ಕೇಳಿಸಿತು. ಸುಭಾಸ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ. ಮೇಜಿನ ಮುಂದೆ ಮೊಣಕಾಲೂರಿ, ಎರಡೂ ಕೈ ಒಡ್ಡಿದ.