‘ಪರವಾಗಿಲ್ಲ’ ಎಂದ ಭಾವನ ಹರ್ನಿಯಾ

ನನ್ನ ಗಂಡ ಬಡಗಿ. ಒಂದು ದಿನ ಬಾಗಿಲಿನ ಚೌಕಟ್ಟು ಎತ್ತುವಾಗ ತೊಡೆಸಂದಿನಲ್ಲಿ ಗಂಟು ಉಬ್ಬಿ ನೋಯತೊಡಗಿತು. ಹರ್ನಿಯಾ, ಆಪರೇಷನ್ ಮಾಡಿಸಿ ಎಂದರು ಡಾಕ್ಟರು. ಇವರೋ, ಸುತರಾಂ ಒಪ್ಪಲಿಲ್ಲ.

“ನಿನ್ನ ಭಾವನ ಪಾಡು ನೋಡಿಲ್ವಾ? ಗಂಟು ಹೋಯ್ತು, ನೋವು ಬಿಡಾರ ಹೂಡ್ತು. ನನಗೂ ಹಾಗಾದ್ರೆ ಕೆಲಸ ಮಾಡೋರು ಯಾರು?”

ಮಾತು ಸುಳ್ಳಲ್ಲ. ನನ್ನ ಅಕ್ಕನ ಗಂಡ ಬಸ್ ಡ್ರೈವರು. ಅವರಿಗೂ ಇದೇ ಆಪರೇಷನ್ ಆಗಿ ವರ್ಷವಾದರೂ ಆ ಜಾಗದಲ್ಲಿ ಉರಿ. ಸೀಟಿನಲ್ಲಿ ಒಂದೇ ಪಕ್ಕಕ್ಕೆ ವಾಲಿ ಕೂರುತ್ತಾರೆ.

ಅಕ್ಕ, ಭಾವ ಮನೆಗೆ ಬಂದಿದ್ದಾಗ ಪಕ್ಕದ ಮನೆಯ ನರ್ಸಕ್ಕನನ್ನೂ ಕರೆದೆ. ಅವಳು ಭಾವನನ್ನೇ ಕೇಳಿದಳು.

“ಆಪರೇಷನ್‌ಗೆ ಮುಂಚೇನೇ ನೋವಿತ್ತಾ ಅಣ್ಣ?”

“ಜೋರಾಗೇ ಇತ್ತಮ್ಮ.”

“ಡಾಕ್ಟರಿಗೆ ಹೇಳಿದ್ರಾ?”

“ಕೇಳಿದ್ರು. ಪರವಾಗಿಲ್ಲ ಅಂದೆ.”

“ಆದ್ಮೇಲೆ?”

“ಆಗಲೂ ಕೇಳಿದ್ರು. ಪರವಾಗಿಲ್ಲ ಅಂದೆ.”

“ನೋವಿನ ಮಾತ್ರೆ?”

“ತಡ್ಕೊಳ್ಳೋಕೇ ಆಗದಿದ್ದಾಗ ನುಂಗೋಣ ಅಂತ ಎತ್ತಿಟ್ಟೆ.”

ನನಗೆ ರೇಗಿತು. “ಅಲ್ಲಾ ಭಾವ, ಎಂಜಿನ್ ಒಂಚೂರು ಕೊರ್ ಅಂದ್ರೆ ಮೆಕ್ಯಾನಿಕ್ ಹತ್ರ ಓಡ್ತೀರಿ. ಮೈಗೆ ಮಾತ್ರ ಪರವಾಗಿಲ್ವಾ?”

“ಬೈಬೇಡ ಕಣೆ, ಇದು ಅವರ ತಪ್ಪಲ್ಲ,” ಎಂದಳು ನರ್ಸಕ್ಕ. “ಎಲ್ಲಾ ಸರಿಯಾಗಿ ಮಾಡಿದ್ರೂ ಕೆಲವರಿಗೆ ನೋವು ಉಳಿಯತ್ತೆ. ಮುಂಚೇನೇ ನೋವಿದ್ದೋರಿಗೆ, ಆಪರೇಷನ್ ಆದ ಹೊಸದರಲ್ಲಿ ತುಂಬಾ ನೋವು ತಿಂದೋರಿಗೆ ಆ ಸಾಧ್ಯತೆ ಜಾಸ್ತಿ. ಮೊದಲೇ ಹೇಳಿದ್ರೆ, ಯಾವ ಥರದ ಆಪರೇಷನ್ ಒಳ್ಳೇದು ಅಂತ ಡಾಕ್ಟರು ಯೋಚಿಸ್ತಾರೆ. ಅಲ್ಲಿರೋ ನರಗಳಿಗೆ ಪೆಟ್ಟಾಗದ ಹಾಗೆ ನೋಡ್ಕೋತಾರೆ. ಆ ಜಾಗ ಮರಗಟ್ಟೋ ಇಂಜೆಕ್ಷನ್ನೂ ಕೊಡಬಹುದು.”

“ಹಾಗಾದ್ರೆ ನನಗೆ ನೋವು ಉಳಿಯಲ್ಲ ತಾನೆ?” ಎಂದರು ಇವರು.

“ಉಳಿಯೋದೇ ಇಲ್ಲ ಅಂತ ಬರೆದುಕೊಡೋಕಾಗಲ್ಲಪ್ಪ. ಆದ್ರೆ ಆ ಸಾಧ್ಯತೆ ಕಡಿಮೆ ಮಾಡಬಹುದು.”

ಭಾವ ನೆಲ ನೋಡುತ್ತಾ ಕೇಳಿದರು. “ನಾನು… ಈಗ ಹೇಳಿದ್ರೂ ಆಗತ್ತಾ?”

“ಖಂಡಿತ. ಮೂರು ತಿಂಗಳು ದಾಟಿದ್ರೂ ನೋವಿದೆ ಅಂದ್ರೆ ಡಾಕ್ಟರ ಹತ್ರ ಹೋಗಲೇಬೇಕು. ಅದಕ್ಕೂ ಚಿಕಿತ್ಸೆ ಇದೆ.”

ಭಾವನ ಕಣ್ಣು ತುಂಬಿತು. “ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ ಕಣಮ್ಮ.”

ಪಕ್ಕದಲ್ಲೇ ಮಲಗುವ ನನ್ನ ಅಕ್ಕನಿಗೂ ಅದು ಗೊತ್ತಿರಲಿಲ್ಲ. ಅವಳು ಅವರ ಕೈ ಹಿಡಿದು ಅತ್ತೇಬಿಟ್ಟಳು.

ಅದನ್ನು ಕಂಡು ಇವರ ಹಟ ಕರಗಿತು. ಮರುದಿನ ಡಾಕ್ಟರ ಮುಂದೆ ಕೂತು ಎಲ್ಲಿ, ಯಾವಾಗ, ಎಷ್ಟು ನೋಯುತ್ತದೆ ಎಂದು ಒಂದೂ ಬಿಡದೆ ಹೇಳಿದರು. ಆಪರೇಷನ್ ಆದಮೇಲೆ ಮಾತ್ರೆಗಳನ್ನು ಹೇಳಿದ ಹೊತ್ತಿಗೆ ನುಂಗಿದರು. ಮಲಗೇ ಇರದೆ ಮೆಲ್ಲಗೆ ಓಡಾಡಿದರು. ಡಾಕ್ಟರು ಸರಿ ಅನ್ನುವವರೆಗೆ ಮರ ಎತ್ತಲಿಲ್ಲ. ಈಗ ಆರಾಮಾಗಿ ಕೆಲಸಕ್ಕೆ ಹೋಗುತ್ತಾರೆ. ಭಾವನಿಗೂ ಚಿಕಿತ್ಸೆ ನಡೆಯುತ್ತಿದೆ, ಉರಿ ಎಷ್ಟೋ ವಾಸಿ.

ನಿಮ್ಮ ಮನೆಯಲ್ಲೂ ಹರ್ನಿಯಾ ಆಪರೇಷನ್‌ಗೆ ಹೊರಟವರಿದ್ದಾರೆಯೇ? ಆಪರೇಷನ್‌ಗೆ ಮುಂಚಿನ ನೋವನ್ನೂ ಆಮೇಲಿನ ನೋವನ್ನೂ ಮುಚ್ಚಿಡದೆ ಹೇಳಿ. ಎಷ್ಟು ಓದಿದ ಡಾಕ್ಟರೇ ಆದರೂ, ನಿಮ್ಮ ನೋವು ನೀವು ಬಾಯಿಬಿಟ್ಟರಷ್ಟೇ ಅವರಿಗೆ ಗೊತ್ತಾಗುವುದು.