ನೆನೆಹಾಕಿದ ಅಕ್ಕಿ

ಗಾಜಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರಿಂದ ಗ್ರೆಚೆನ್ ಕರೆಗಂಟೆಯನ್ನು ಮೊಣಕೈಯಿಂದ ಒತ್ತಿದಳು. ಪಾತ್ರೆಯ ತಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಅರ್ಲೀನ್ ಟಾರ್ಗರ್ಸನ್ ಎಂದು ಬರೆದಿತ್ತು. ಒಳಗೆ ಬೆಳಿಗ್ಗೆ ಎದ್ದು ಬೇಯಿಸಿದ ಸೇಬಿನ ಸಿಹಿ. ಊಟ ತಂದವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವಳ ಅಜ್ಜಿ ಹೇಳಿಕೊಟ್ಟಿದ್ದಳು. ಕೋಟಿನ ಜೇಬಿನಲ್ಲಿ ಮೇಲ್ಮನವಿಯ ಅರ್ಜಿಯಿತ್ತು. ಅದಕ್ಕೆ ವಿಭಾಗದ ಹಿರಿಯರೊಬ್ಬರ ಸಹಿ ಬೇಕು. ಕೇಳಬಹುದಾದವರು ಅಂತ ಇಡೀ ಮಿನೆಸೋಟ ರಾಜ್ಯದಲ್ಲಿ ಅವಳಿಗಿದ್ದದ್ದು ಅರ್ಲೀನ್ ಒಬ್ಬಳೇ.

ಗ್ರೆಚೆನ್ ಕೆಲಸ ಮಾಡುವ ವಿಶ್ವವಿದ್ಯಾಲಯದಲ್ಲಿ ಹೊಸ ಅಧ್ಯಾಪಕರು ಆರು ವರ್ಷ ಪಾಠ ಹೇಳಿದ ಮೇಲೆ, ಅವರನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಹಿರಿಯರು ಬಾಗಿಲು ಹಾಕಿಕೊಂಡು ಮತದ ಚೀಟಿ ಹಾಕುತ್ತಾರೆ. ಹೌದೆಂದರೆ ಕೆಲಸ ಕಾಯಂ, ಮತ್ತೆ ಸಾಯುವ ತನಕ ಅಲ್ಲಾಡಿಸುವವರಿಲ್ಲ. ಇಲ್ಲವೆಂದರೆ ಇನ್ನೊಂದು ವರ್ಷ ಅವೇ ಮುಖಗಳ ನಡುವೆ ತಲೆ ತಗ್ಗಿಸಿ ಓಡಾಡಿ, ಗಂಟುಮೂಟೆ ಕಟ್ಟಬೇಕು. ಯಾರು ಏನು ಬರೆದರೆಂದು ಕೇಳುವ ಹಾಗಿಲ್ಲ. ಹೋದ ವಾರ ಇತಿಹಾಸ ವಿಭಾಗದವರು ಗ್ರೆಚೆನ್‌ಗೆ ಇಲ್ಲವೆಂದರು. ಅದೇ ಸಂಜೆಯಿಂದ ಒಬ್ಬೊಬ್ಬರಾಗಿ, ಸಾವಾದ ಮನೆಗೆ ತರುವಂತೆ ಬಿಸಿ ಪಾತ್ರೆ ಹೊತ್ತು ಬಂದರು. ಕೊಂದ ಪಾಪ ತಿಂದು ಪರಿಹಾರ ಎನ್ನುತ್ತೇವೆ ನಾವು. ಇವರು ಇನ್ನೂ ನಾಜೂಕಿನ ಜನ, ಸತ್ತವರಿಗೇ ತಿನ್ನಿಸಿ ಕೈ ತೊಳೆದುಕೊಳ್ಳುತ್ತಾರೆ.

ಉಳಿದವರು ತಂದದ್ದನ್ನೆಲ್ಲ ಗ್ರೆಚೆನ್ ಕಸದ ಡಬ್ಬಿಗೆ ಕೆರೆದು ಹಾಕಿದ್ದಳು. ಅರ್ಲೀನ್ ತಂದದ್ದನ್ನು ಮಾತ್ರ ಗಂಡ ನೀಲ್ ಜೊತೆ ಕೂತು ತಳ ಕಾಣುವ ತನಕ ತಿಂದಿದ್ದಳು. ಅದು ಎಲ್ಲಕ್ಕಿಂತ ಮೊದಲು ಬಂದದ್ದು. ಅವಳಿನ್ನೂ ಬೂಟು ಬಿಚ್ಚಿರಲಿಲ್ಲ, ಕೋಳಿ ಹಾಕಿದ ಕಾಡಕ್ಕಿಯ ಹಬೆಯಾಡುವ ಪಾತ್ರೆ ಹಿಡಿದು ಅರ್ಲೀನ್ ಮೆಟ್ಟಿಲ ಮೇಲೆ ಅಳುತ್ತ ನಿಂತಿದ್ದಳು. "ನಾನಿದ್ದೀನಲ್ಲ, ನೀನು ನಿದ್ದೆ ಮಾಡು" ಎಂದು ಅದರ ಹಿಂದಿನ ದಿನ ಧೈರ್ಯ ಹೇಳಿದ್ದವಳೂ ಅವಳೇ.

ಬಾಗಿಲು ತೆಗೆದವನು ಅರ್ಲೀನಳ ಗಂಡ ವರ್ನ್. ಅಂಚೆ ಕೆಲಸದಿಂದ ನಿವೃತ್ತನಾದ ಅವನ ಬಾಯಲ್ಲಿ ಯಾವ ಮಾತೂ ನಿಲ್ಲುತ್ತಿರಲಿಲ್ಲ.

"ಬಾಮ್ಮ, ಬಾ. ಅವಳು ಮೇಲೆ ಫೋನಲ್ಲಿದ್ದಾಳೆ. ಸೇಬಿಂದಾ ಇದು? ಅವಳು ಇಳಿಯೋದ್ರೊಳಗೆ ಎರಡು ಚಮಚ ತಿಂದ್ಬಿಡ್ತೀನಿ. ನೋಡಿದ್ರೆ ಸಕ್ಕರೆ ಕಾಯಿಲೆ ಅಂತ ಪ್ರಾಣ ತೆಗೀತಾಳೆ."

ಅಡುಗೆಮನೆಯಲ್ಲಿ ಕೂತು ಅವನು ಪಾತ್ರೆಗೇ ಚಮಚ ಹಾಕಿದ.

"ಅವತ್ತು ಅರ್ಲೀನ್ ತಂದಿದ್ದೊಂದೇ ನಮಗೆ ಗಂಟಲಲ್ಲಿ ಇಳಿದಿದ್ದು ವರ್ನ್," ಎಂದಳು ಗ್ರೆಚೆನ್.

"ಇಳೀದೆ ಏನು? ಹಿಂದಿನ ರಾತ್ರೀನೇ ಅಕ್ಕಿ ನೆನೆಹಾಕಿದ್ಲಲ್ಲ. ನೆನೆಹಾಕ್ದೆ ಇದ್ರೆ ಕಾಡಕ್ಕಿ ಬೇಯಲ್ಲ, ಮಹಾ ಹಟಮಾರಿ. ಬೆಳಗ್ಗೆ ನಾನು ಕಾಫಿಗೆ ಬರೋ ಹೊತ್ತಿಗೆ ಕೋಳಿ ಒಲೆ ಮೇಲಿತ್ತು. 'ಯಾರೇ ಹೋದ್ರು?' ಅಂದೆ. 'ಇನ್ನೂ ಇಲ್ಲ, ಸಂಜೆಗೆ' ಅಂದ್ಲು." ವರ್ನ್ ಬಾಯಿ ತುಂಬ ಸಿಹಿ ಇಟ್ಟುಕೊಂಡೇ ನಕ್ಕ. "ನಾಲಿಗೆ ಅಂದ್ರೆ ನಾಲಿಗೆ, ನಮ್ಮವಳದ್ದು."

ಚೀಟಿ ಹಾಕಿದ್ದು ಅಂದು ಮಧ್ಯಾಹ್ನ. ಅಕ್ಕಿ ನೀರಿಗೆ ಬಿದ್ದದ್ದು ಅದರ ಹಿಂದಿನ ರಾತ್ರಿ. ಗ್ರೆಚೆನ್‌ಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು, ಆ ಪಾತ್ರೆಯ ತಳವನ್ನು ಎಷ್ಟು ಆಸೆಯಿಂದ ಬಳಿದಿದ್ದಳು ಎಂದು. ವರ್ನ್‌ನ ಮುಖ ನೋಡಲಾರದೆ ಕಟ್ಟೆಯ ಕಡೆ ತಿರುಗಿದಳು. ಅಲ್ಲೊಂದು ಬೋಗುಣಿಯ ಮೇಲೆ ಬಟ್ಟೆ ಮುಚ್ಚಿತ್ತು. ಬಟ್ಟೆ ಸರಿದ ಕಡೆ ನೀರೊಳಗೆ ಉದ್ದನೆಯ ಕಪ್ಪು ಕಾಡಕ್ಕಿ ಕಾಣುತ್ತಿತ್ತು.

"ಇದು?"

"ನಾಳೆಗಂತೆ."

ನಾಳೆ ಹಿರಿಯರ ಚೀಟಿಗೆ ಓವನ್ ಪ್ರೂಯಿಟ್‌ನ ಸರದಿ. ಗ್ರೆಚೆನ್ ಜೊತೆಗೇ ಕೆಲಸಕ್ಕೆ ಸೇರಿದವನು, ಅವಳು ಆಸ್ಪತ್ರೆಯಲ್ಲಿದ್ದಾಗ ಅವಳ ತರಗತಿಗಳನ್ನೂ ತಾನೇ ತೆಗೆದುಕೊಂಡವನು.

ಅರ್ಲೀನ್ ಇಳಿದು ಬಂದು ಗ್ರೆಚೆನ್‌ಳನ್ನು ತಬ್ಬಿಕೊಂಡಳು. "ಕೊನೇತನಕ ನಿನ್ನ ಪರ ಬಡಿದಾಡಿದೆ ಕಣೆ. ಆ ಗಂಡಸ್ರು ಕೇಳ್ಬೇಕಲ್ಲ."

"ಗೊತ್ತು," ಎಂದಳು ಗ್ರೆಚೆನ್. ಆದರೂ ಕೈ ತಾನಾಗಿ ಜೇಬಿಗೆ ಹೋಯಿತು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. "ಮೇಲ್ಮನವಿ ಹಾಕ್ತಿದ್ದೀನಿ ಅರ್ಲೀನ್. ನಿಮ್ಮದೊಂದು ಸಹಿ ಬೇಕಿತ್ತು."

ಅರ್ಲೀನ್ ಕಾಗದವನ್ನು ಬಿಡಿಸದೆಯೇ ವಾಪಸು ಅವಳ ಜೇಬಿಗೆ ಇಟ್ಟು ಮೇಲೆ ತಟ್ಟಿದಳು. "ಇದೆಲ್ಲ ಬೇಡ ನನ್ನ ಚಿನ್ನ. ನಾಳೆ ಬೇರೆ ಊರಲ್ಲಿ ಕೆಲಸಕ್ಕೆ ಅಂತ ಹೋದಾಗ ನಿನ್ನ ಬಗ್ಗೆ ನನ್ನನ್ನೇ ಕೇಳ್ತಾರೆ. ಆಗ ನಾನು ನಾಲ್ಕು ಒಳ್ಳೆ ಮಾತು ಹೇಳ್ಬೇಕೋ ಬೇಡ್ವೋ? ಜಗಳಗಂಟಿ ಅಂತ ಹೆಸರು ಬಂದ್ರೆ ನನ್ನ ಕೈಯಲ್ಲೂ ಏನೂ ಆಗಲ್ಲ."

ಬೆಣ್ಣೆಯಷ್ಟು ಮೆತ್ತಗೆ ಹೇಳಿದಳು. ಗ್ರೆಚೆನ್ ತಲೆಯಾಡಿಸಿದಳು. ಅರ್ಲೀನ್ ಗಂಡನ ಕೈಯಿಂದ ಚಮಚ ಕಿತ್ತುಕೊಂಡು, ಉಳಿದ ಸಿಹಿಯನ್ನು ತಟ್ಟೆಗೆ ಸುರಿದು, ಪಾತ್ರೆಯನ್ನು ಅಲ್ಲೇ ತೊಳೆದು ಒರೆಸಿದಳು. "ಇವತ್ತೇ ತಂದಿದ್ದು ಒಳ್ಳೇದಾಯ್ತು. ನಾಳೆಗೆ ಬೇಕಿತ್ತು."

ಹೊರಗೆ ಹಿಮ ಗಟ್ಟಿಯಾಗತೊಡಗಿತ್ತು. ಮೂಲೆಯ ಮನೆಯ ಮುಂದೆ ಓವನ್ ಸಲಿಕೆ ಹಿಡಿದು ಹಿಮ ಬಾಚುತ್ತಿದ್ದ. ಗ್ರೆಚೆನ್‌ಳನ್ನು ಕಂಡು ಅವನ ಮುಖ ಅರಳಿ, ಮರುಕ್ಷಣ ಅವಳ ಗತಿ ನೆನಪಾಗಿ ಬಾಡಿತು.

"ಅರ್ಲೀನ್ ಮನೆಗೆ ಹೋಗಿದ್ಯಾ? ನನ್ನ ವಿಷಯ ಏನಾದ್ರೂ ಅಂದ್ರಾ? ಮನೇಲಿ ನನ್ನ ಹೆಂಡ್ತಿ ಬ್ರಿಜಿಟ್ ಎರಡು ದಿನದಿಂದ ಊಟ ಬಿಟ್ಟಿದಾಳೆ, ಬಸುರಿ ಬೇರೆ. ಅರ್ಲೀನ್ ಇದಾರೆ, ನಿದ್ದೆ ಮಾಡು ಅಂದಿದಾರೆ ಅಂತ ಹೇಳ್ತಾನೇ ಇದೀನಿ, ಕೇಳಲ್ಲ."

ಚೀಟಿ ಹಾಕುವ ಮೊದಲೇ ಕಾಯಂ ಕೆಲಸದ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡರೆ ಹೆಸರು ಕೆಡುವುದಿಲ್ಲ, ಬೇರೆಡೆ ಕೆಲಸ ಸಿಗುತ್ತದೆ. ನಾಳೆ ಬೆಳಿಗ್ಗೆಯ ತನಕ ಅವನಿಗೆ ಆ ದಾರಿಯಿತ್ತು. ಗ್ರೆಚೆನ್ ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದರೆ ಅವನು ಈಗಲೇ ಅರ್ಲೀನಳ ಮನೆಗೆ ಓಡುತ್ತಾನೆ, ಯಾರು ಹೇಳಿದರೆಂದು ಅಲ್ಲಿ ಬಾಯಿ ಬಿಡುತ್ತಾನೆ. ಹೇಳದಿರಲು ಇದು ಅರ್ಧ ಕಾರಣ. ಇನ್ನರ್ಧ, ಮುಂದಿನ ಒಂದು ವರ್ಷ ಆ ಕಾರಿಡಾರಿನಲ್ಲಿ ತಲೆ ತಗ್ಗಿಸಿ ನಡೆಯುವವಳು ತಾನೊಬ್ಬಳೇ ಆಗುವುದು ಅವಳಿಗೆ ಬೇಕಿರಲಿಲ್ಲ.

"ಅವರೇ ಹೇಳಿದಾರಲ್ಲ. ನಿದ್ದೆ ಮಾಡು," ಎಂದಳು.

"ತಡಿ, ಜಾರುತ್ತೆ," ಎಂದು ಓವನ್ ಬಕೆಟ್ಟಿನಿಂದ ಹಿಮ ಕರಗಿಸುವ ಉಪ್ಪನ್ನು ಬೊಗಸೆಯಲ್ಲಿ ತೆಗೆದು ಅವಳ ಕಾಲ ಮುಂದೆ ಮೂಲೆಯ ತನಕ ಎರಚುತ್ತ ಹೋದ. ಅವಳು ಅದರ ಮೇಲೆ ಹೆಜ್ಜೆಯಿಟ್ಟು ಮನೆ ಸೇರಿದಳು.

ಕೋಟು ಬಿಚ್ಚದೆಯೇ ಬೀರುವಿನ ಮೇಲಿನ ಅರೆಯಿಂದ ಕಾಡಕ್ಕಿಯ ಚೀಲ ಇಳಿಸಿದಳು.

"ನಾಳೆ ಊಟಕ್ಕೆ ಯಾರಾದ್ರೂ ಬರ್ತಾರಾ?" ಎಂದು ನೀಲ್ ಕೇಳಿದ.

"ಇಲ್ಲ."

ಅಕ್ಕಿಯನ್ನು ಬೋಗುಣಿಗೆ ಸುರಿದು, ಮುಳುಗುವಷ್ಟು ನೀರು ಹಾಕಿ, ಮೇಲೆ ತಟ್ಟೆ ಮುಚ್ಚಿದಳು.