ಆಮೇಲೆ ಏನು?

ಪುಟಾಣಿ ತರಗತಿಯ ಟೀಚರಮ್ಮನಿಗೆ ಹನ್ನೊಂದು ವರ್ಷಗಳ ಅನುಭವ. ಅಳುವ ಮಗುವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ನಗಿಸುತ್ತಾರೆಂದು ಹೆಸರು. ಆ ಹೆಸರಿಗೆ ಈ ವರ್ಷ ಮಸಿ ಬಳಿದವಳು ನಾಲ್ಕು ವರ್ಷದ ಒಬ್ಬ ಹುಡುಗಿ. ಆಟದ ಅಂಗಳದಿಂದ ಒಳಗೆ ಕರೆದರೆ ಸಾಕು, ಸೂರು ಹಾರಿಹೋಗುವಂತೆ ಕಿರುಚಿ ನೆಲಕ್ಕೆ ಬೀಳುತ್ತಿದ್ದಳು. ಮಾತು ಇನ್ನೂ ಬಂದಿರಲಿಲ್ಲ. ಆಟಿಸಂ ಇದೆಯೆಂದು ಅವಳ ಅಮ್ಮ ಶಾಲೆಗೆ ಸೇರಿಸುವಾಗಲೇ ಹೇಳಿದ್ದರು. ಟೀಚರಮ್ಮ ಮಾತ್ರ ಒಳಗೊಳಗೇ ಹಟಮಾರಿ ಎಂದುಕೊಂಡಿದ್ದರು.

ಶನಿವಾರ ಎಲ್ಲರಿಗೂ ಆಟಿಸಂ ತರಬೇತಿ ಎಂದಾಗ, ರಜೆ ಮಣ್ಣುಪಾಲಾಯಿತೆಂದು ಗೊಣಗುತ್ತಲೇ ಹೋದರು.

ತರಬೇತಿಗೆ ಬಂದ ತಲೆ ನರೆತ ಹೆಂಗಸು ಪಾಠ ಶುರುಮಾಡಲಿಲ್ಲ. ಯಾರಿಗೂ ತಿಳಿಯದ ಭಾಷೆಯಲ್ಲಿ ಏನೋ ಅಂದು, ಟೀಚರಮ್ಮನ ಕೈಯಲ್ಲಿದ್ದ ಕಾಫಿ ಲೋಟ ಕಿತ್ತು ಮೇಜಿನ ಮೇಲಿಟ್ಟು, ಮುಂಗೈ ಹಿಡಿದು ನಡೆಸಿಕೊಂಡು ಹೊರಟೇಬಿಟ್ಟರು. ಮೆಟ್ಟಿಲಿಳಿದು, ಕಾರಿಡಾರು ದಾಟಿ, ಹಳೆ ಬೆಂಚು ಪೇರಿಸಿಟ್ಟ ಕೋಣೆಗೆ ತಂದು ಕುರ್ಚಿ ತೋರಿಸಿದರು. ಹಿಂದೆ ಬಂದವರೆಲ್ಲ ಕಿಸಕ್ಕನೆ ನಕ್ಕರು. ಟೀಚರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕೈ ಕೊಸರಿಕೊಂಡರು.

“ಎಲ್ಲಿಗೆ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಎಷ್ಟೋ ಮಕ್ಕಳು ಇದನ್ನೇ ಕೇಳೋಕೆ ಕಿರುಚ್ತಾವೆ,” ಎಂದರು ಆಕೆ, ಈಗ ಎಲ್ಲರಿಗೂ ತಿಳಿಯುವ ಮಾತಿನಲ್ಲಿ.

ಟೀಚರಮ್ಮ ದೊಪ್ಪನೆ ಕುರ್ಚಿಯಲ್ಲಿ ಕೂತರು. ಅಲ್ಲಿಂದಾಚೆಗೆ ಆ ಹುಡುಗಿಗೆ ಏನು ಮಾಡಲೆಂದು ಕೇಳುತ್ತ ಊಟದ ಬಿಡುವಿನಲ್ಲೂ ಆಕೆಯ ಬೆನ್ನು ಬಿಡಲಿಲ್ಲ. ಮುಂದೆ ಏನೇನೆಂದು ಚಿತ್ರಗಳನ್ನು ಸಾಲಾಗಿಟ್ಟು ತೋರಿಸಿ, ಮಾತು ಕಡಿಮೆ ಮಾಡಿ, ಕಾಯಿರಿ ಎಂದು ಆಕೆ ಹೇಳಿದರು.

ಭಾನುವಾರವೆಲ್ಲ ರಟ್ಟು ಕತ್ತರಿಸಿದ್ದೇ ಕತ್ತರಿಸಿದ್ದು. ಚಿತ್ರ ಬರೆಯುವುದರಲ್ಲಿ ಟೀಚರಮ್ಮನ ಕೈ ಅಷ್ಟಕ್ಕಷ್ಟೆ. ಅವರು ಬರೆದ ನಲ್ಲಿಯನ್ನು ನೋಡಿ ಅತ್ತೆ, “ಆನೆ ಚೆನ್ನಾಗಿ ಬಂದಿದೆ ಕಣಮ್ಮ,” ಅಂದರು. ಕೊನೆಗೆ ಅತ್ತೆಯೇ ತಿದ್ದಿಕೊಟ್ಟರು.

ಸೋಮವಾರ ಅಂಗಳದಲ್ಲಿ ಟೀಚರಮ್ಮ ಹುಡುಗಿಯ ಕೈ ಹಿಡಿಯಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ರಟ್ಟಿನ ಚಿತ್ರಪಟ್ಟಿ ಚಾಚಿದರು: ಜಾರುಬಂಡಿ, ನಲ್ಲಿ, ಕತೆ ಪುಸ್ತಕ, ತಿಂಡಿ ಡಬ್ಬಿ.

“ಜಾರುಬಂಡಿ ಮುಗೀತು. ಈಗ ನಲ್ಲಿ,” ಎಂದು ಬೆರಳಿಟ್ಟು ತೋರಿಸಿ ಸುಮ್ಮನಾದರು. ಮನಸ್ಸಿನಲ್ಲೇ ಹತ್ತು ಎಣಿಸಿದರು. ಇಪ್ಪತ್ತಾಯಿತು. ಬಾಗಿಲಲ್ಲಿ ಆಯಾ ಉಸಿರು ಬಿಗಿಹಿಡಿದು ನಿಂತಿದ್ದಳು.

ಹುಡುಗಿ ಎದ್ದಳು. ಸೀದಾ ನಲ್ಲಿಯತ್ತ ನಡೆದಳು. ಕುಣಿದುಬಿಡಬೇಕೆನಿಸಿದ ಟೀಚರಮ್ಮ ತುಟಿ ಕಚ್ಚಿಕೊಂಡು ಹಿಂದೆಯೇ ಹೋದರು.

ತಿಂಡಿಯಾದ ಮೇಲೆ ಹುಡುಗಿ ಪಟ್ಟಿಯ ತುದಿಯ ಖಾಲಿ ಜಾಗವನ್ನು ಬೆರಳಿನಿಂದ ತಟ್ಟತೊಡಗಿದಳು. ಟೀಚರಮ್ಮನಿಗೆ ಥಟ್ಟನೆ ಹೊಳೆಯಿತು: ಮನೆಗೆ ಹೋಗುವುದನ್ನೇ ಬರೆದಿರಲಿಲ್ಲ! ಗಡಿಬಿಡಿಯಲ್ಲಿ ಗೇಟನ್ನೂ ಅಲ್ಲಿ ನಿಂತ ಅಮ್ಮನನ್ನೂ ಗೀಚಿದರು. ಹುಡುಗಿ ದಿಟ್ಟಿಸಿ ನೋಡಿ ಅವರ ಪೆನ್ಸಿಲ್ ಕಿತ್ತುಕೊಂಡಳು. ಅಮ್ಮನ ಮುಖದ ಮೇಲೆ ಎರಡು ಸೊನ್ನೆ ಸುತ್ತಿ, ನಡುವೆ ಗೆರೆ ಎಳೆದಳು. ಕನ್ನಡಕ!

ಅಮ್ಮ ಬಂದಾಗ ಟೀಚರಮ್ಮ ಗೇಟಿನವರೆಗೂ ಓಡಿ, ಏದುಸಿರು ಬಿಡುತ್ತ ಆ ರಟ್ಟನ್ನು ಅವರ ಕೈಗಿಟ್ಟರು.

“ನೋಡಿ, ನಾನು ಮರೆತಿದ್ದನ್ನ ನಿಮ್ಮ ಮಗಳು ಹೇಳಿಕೊಟ್ಲು.”